ತಾನಾಗೇ ಬಂದ ಬಾತು

ಹೋದ ವಾರ ಬಳ್ಳಾರಿಯ ರೈಲ್ವೆ ಗೇಟಿನ ಮುಂದೆ ನನ್ನ ಆಟೋ ನಿಂತಿತ್ತು. ಪಕ್ಕಕ್ಕೆ ಬಂದು ನಿಂತ ಲಾರಿಯಿಂದ ಒಂದು ವಾಸನೆ ಮೂಗಿಗೆ ಹೊಡೆಯಿತು. ಕೆಸರು, ನೆನೆದ ನೆಲ್ಲು, ಒದ್ದೆ ಪುಕ್ಕ, ಹಿಕ್ಕೆ ಎಲ್ಲ ಸೇರಿದ ವಾಸನೆ. ಆಟೋದವನು ಮೂಗು ಮುಚ್ಚಿಕೊಂಡು, "ಬಾತುಗೋಳ ಗಾಡಿರೀ ಮೇಡಮ್, ನಾರ್ತೈತಿ" ಎಂದ. ನಾನು ಮುಚ್ಚಿಕೊಳ್ಳಲಿಲ್ಲ. ಜಾಲರಿಯ ಸಂದಿನಿಂದ ಹಳದಿ ಕೊಕ್ಕುಗಳು ಹೊರಗೆ ಚಾಚಿದ್ದವು. ಗೇಟು ಎದ್ದಿತು, ಲಾರಿ ಮುಂದೆ ಹೋಯಿತು. ನನಗೆ ಮಾತ್ರ ನಮ್ಮ ಪ್ರಾಣಿಶಾಸ್ತ್ರದ ಸರ್ ನೆನಪಾಗಿ ಇಡೀ ದಿನ ಕೆಟ್ಟುಹೋಯಿತು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುವುದು ನಮ್ಮಲ್ಲಿ ರೂಢಿ. "ಮೃದು ಸ್ವಭಾವದವರು, ಅಜಾತಶತ್ರು" ಎಂದು ಶುರು ಮಾಡಿಬಿಟ್ಟರೆ ಅರ್ಧ ಲೇಖನ ತಾನೇ ಬರೆದುಕೊಳ್ಳುತ್ತದೆ. ನಮ್ಮ ಸರ್ ಮೃದುವೂ ಅಲ್ಲ, ಅಜಾತಶತ್ರುವಂತೂ ಅಲ್ಲವೇ ಅಲ್ಲ. ಬದುಕಿದ್ದಾಗ ಯಾರ ಮುಲಾಜನ್ನೂ ಇಟ್ಟುಕೊಂಡವರಲ್ಲ. ಈಗ ನಾನು ಅವರ ಮುಲಾಜು ಇಟ್ಟುಕೊಂಡು ಬರೆದರೆ ಅದು ಅವರಿಗೇ ಅವಮಾನ.

ಪಿಯುಸಿಯಲ್ಲಿ ನಾನು ಅವರ ವಿದ್ಯಾರ್ಥಿನಿ. ಆಮೇಲೆ ನಾನು ಕನ್ನಡ ಎಂ.ಎ. ಮಾಡಿ ಸಿರುಗುಪ್ಪದ ಕಾಲೇಜಿಗೆ ಉಪನ್ಯಾಸಕಿಯಾಗಿ ಹೋದಾಗ ಅವರೂ ಅಲ್ಲೇ ಇದ್ದರು. ನನ್ನನ್ನು ಕಂಡ ಕೂಡಲೇ ಅಂದದ್ದು, "ಕನ್ನಡ ತೊಗೊಂಡಿಯೇನು? ಪಾಪ, ಕಪ್ಪಿ ಕೊಯ್ಯಾಕ ಅಂಜಿಕಿ ಬಂತು ಹೌದಲ್ಲ?" ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಅವರು ಇನ್ನೊಂದು ಸಲ ನಕ್ಕರು.

ಅವರ ಮನೆ ನಮ್ಮ ಓಣಿಯಲ್ಲೇ ಇತ್ತು. ಬೆಳಿಗ್ಗೆ ಕಾಲುವೆಯ ಏರಿಯ ಮೇಲೆ ವಾಕಿಂಗ್. ಮುಂದೆ ಸರ್, ಕೊರಳಿಗೆ ಬೈನಾಕ್ಯುಲರ್. ಹಿಂದೆ ನಾನು, ಮತ್ತು ನಿವೃತ್ತರಾದ ಒಬ್ಬ ಬ್ಯಾಂಕ್ ಮ್ಯಾನೇಜರು. ಸರ್ ನಡೆಯುತ್ತ ನಡೆಯುತ್ತ ಥಟ್ಟನೆ ನಿಂತು, ತಿರುಗದೆಯೇ, "ಅದೇನು?" ಎಂದು ಕೇಳುವರು. ತಂತಿಯ ಮೇಲೋ ಜಾಲಿಯ ಟೊಂಗೆಯಲ್ಲೋ ಒಂದು ಹಕ್ಕಿ ಇರುತ್ತಿತ್ತು. ತಪ್ಪು ಹೇಳಿದಿರೋ ಸತ್ತಿರಿ. ಮ್ಯಾನೇಜರು ಒಮ್ಮೆ ಬೂದು ಬಕವನ್ನು ಕೊಕ್ಕರೆ ಎಂದದ್ದಕ್ಕೆ, "ನಿಮಗ ನೋಟಿನ ಮ್ಯಾಲಿನ ಚಿತ್ರ ಬಿಟ್ರ ಬ್ಯಾರೆ ಚಿತ್ರ ತಿಳಿಯಂಗಿಲ್ಲ ಬಿಡ್ರಿ" ಎಂದುಬಿಟ್ಟರು. ಅವತ್ತು ಮ್ಯಾನೇಜರ ಜೊತೆ ಅವರ ಸೊಸೆಯ ಅಪ್ಪ ಇದ್ದರು. ಬೀಗರ ಮುಂದೆ ಹೀಗಂದದ್ದನ್ನು ಮ್ಯಾನೇಜರು ಕೊನೆಯವರೆಗೂ ಮರೆಯಲಿಲ್ಲ. ಆದರೂ ವಾಕಿಂಗ್ ಬಿಡಲಿಲ್ಲ. ಒಂದಲ್ಲ ಒಂದು ದಿನ ಈ ಮನುಷ್ಯ ಎಡವಿದಾಗ ತಾನು ಪಕ್ಕದಲ್ಲೇ ಇರಬೇಕು ಎಂಬ ಆಸೆ ಅವರಿಗಿತ್ತು ಎಂದು ಈಗ ಅನ್ನಿಸುತ್ತದೆ.

ಹಾಗಿದ್ದೂ ನಾನು ಏಕೆ ಹೋಗುತ್ತಿದ್ದೆ? ಹೋಗದೆ ಇರಲು ಆಗುತ್ತಿರಲಿಲ್ಲ, ಅದಕ್ಕೆ. ಅಲ್ಲಿಯವರೆಗೆ ನನಗೆ ಆಕಾಶದಲ್ಲಿ ಇದ್ದದ್ದು ಕಾಗೆ, ಗುಬ್ಬಿ, ಹದ್ದು ಮಾತ್ರ. ಅವರ ಹಿಂದೆ ನಡೆದ ಮೇಲೆ ಗುಳುಮುಳುಕ ಬಂತು, ಟಿಟ್ಟಿಭ ಬಂತು, ಚಳಿಗಾಲಕ್ಕೆ ಹಿಮಾಲಯ ದಾಟಿ ನಮ್ಮ ಗದ್ದೆಗಳಿಗೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತು ಬಂತು. ಒಂದು ದಿನ ಮಂಜಿನಲ್ಲಿ ಬರೀ ದನಿ ಕೇಳಿ "ಸಿಳ್ಳೆ ಬಾತು" ಎಂದೆ. ಸರ್ ಬೈನಾಕ್ಯುಲರನ್ನು ಕೊರಳಿನಿಂದ ತೆಗೆದು ನನ್ನ ಕೈಗೆ ಕೊಟ್ಟರು. ಅದನ್ನು ಯಾರಿಗೂ ಮುಟ್ಟಿಸಿದವರಲ್ಲ. ನನ್ನ ಅಪ್ಪ ನನಗೆ ಬಂಗಾರದ ಓಲೆ ಕೊಡಿಸಿದ ದಿನವೂ ನನಗೆ ಅಷ್ಟು ಹಿಗ್ಗಾಗಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಸರ್‌ಗೆ ಹಟ. ಸಾಕಿದ ಹಕ್ಕಿ ಅವರ ಲೆಕ್ಕದಲ್ಲಿ ಹಕ್ಕಿಯೇ ಅಲ್ಲ. ಬಳ್ಳಾರಿಯಲ್ಲಿ ಅದಿರಿನ ದುಡ್ಡು ಹರಿದ ಕಾಲದಲ್ಲಿ ದೊಡ್ಡವರು ಊರಾಚೆ ತೋಟದ ಮನೆ ಕಟ್ಟಿಸಿ, ಹೊಂಡ ತೋಡಿಸಿ, ಎಲ್ಲೆಲ್ಲಿಂದಲೋ ಅಂದದ ಬಾತು, ಹಂಸ ತರಿಸಿ ಬಿಡುವುದು ಶೋಕಿಯಾಗಿತ್ತು. ಕೊಳಗಲ್ಲಿನ ಕಡೆ ಅಂಥ ಒಂದು ತೋಟದ ಯಜಮಾನರು ಸರ್ ಅವರನ್ನು ಮರ್ಯಾದೆಯಿಂದ ಕಾರಿನಲ್ಲಿ ಕರೆಸಿಕೊಂಡಿದ್ದರು. ನಾನೂ ಹೋಗಿದ್ದೆ. ಸರ್ ಹೊಂಡದ ಕಡೆ ಬೆನ್ನು ಮಾಡಿ ಕುಳಿತು ಚಹಾ ಕುಡಿದರು. ಅವರಿಗೆ ಅಂಜಿ ನಾನೂ ಆ ಕಡೆ ತಿರುಗಲಿಲ್ಲ. "ಸ್ವಲ್ಪ ನೋಡ್ರಲ್ಲ ಸರ್" ಎಂದು ಯಜಮಾನರು ಕೇಳಿಕೊಂಡರೆ, "ಇವು ಹಕ್ಕಿ ಅಲ್ಲರೀ, ನಿಮ್ಮ ಸೋಫಾ ಸೆಟ್ಟು" ಎಂದು ಎದ್ದರು. ಒಂದೇ ಒಂದು ಸಲ ತಿರುಗಿ ನೋಡಿದ್ದರೆ ಸಾಕಿತ್ತು...

ಬಾತಿನವರ ವಿಷಯ ಗೊತ್ತಿಲ್ಲದವರಿಗೆ ಹೇಳಬೇಕು. ಸಿರುಗುಪ್ಪದ ಸುತ್ತ ಕಾಲುವೆ ನೀರಿನ ನೆಲ್ಲಿನ ಗದ್ದೆ. ಕೊಯ್ಲು ಮುಗಿದ ಕೂಡಲೇ ಆಂಧ್ರದ ಕಡೆಯಿಂದ ಬಾತಿನ ಹಿಂಡುಗಳು ಲಾರಿಯಲ್ಲಿ ಬಂದಿಳಿಯುತ್ತವೆ. ಗದ್ದೆಯಲ್ಲಿ ಉದುರಿದ ಕಾಳು, ಬಸವನ ಹುಳು, ಕೆಸರಿನ ಕ್ರಿಮಿ ಎಲ್ಲ ತಿಂದು ಹೊಲ ಚೊಕ್ಕಟ ಮಾಡಿ, ಹಿಕ್ಕೆಯ ಗೊಬ್ಬರ ಬಿಟ್ಟು ಮುಂದಿನ ಊರಿಗೆ ಹೋಗುತ್ತವೆ. ರೈತರಿಗೂ ಲಾಭ, ಬಾತಿನವರಿಗೂ ಹೊಟ್ಟೆಪಾಡು. ಸಂಜೆ ಬಲೆಯ ಬೇಲಿ ಕಟ್ಟಿ ಹಿಂಡು ಕೂಡಿಸಿ, ಬೆಳಿಗ್ಗೆ ಮೊಟ್ಟೆ ಆರಿಸಿ, ಊರಲ್ಲಿ ಮಾರುವರು. ನಾವು ನಡೆಯುತ್ತಿದ್ದ ಏರಿಯ ಕೆಳಗೆ ಒಂದು ಊರಿತ್ತು. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿ ಇವತ್ತಿಗೂ ನನ್ನ ವಿದ್ಯಾರ್ಥಿಗಳಿದ್ದಾರೆ. ಆ ಊರಿಗೆ ವರ್ಷಾ ವರ್ಷಾ ಬರುತ್ತಿದ್ದವಳು ಒಬ್ಬ ಹೆಂಗಸು. ಗಂಡ ಸತ್ತ ಮೇಲೆ ಹಿಂಡು ತಾನೇ ನಡೆಸುತ್ತಿದ್ದಳು. ಎಲ್ಲರೂ ಆಕೆಯನ್ನು ಬಾತಿನಮ್ಮ ಎನ್ನುತ್ತಿದ್ದರು. ಉದ್ದನೆಯ ಬಿದಿರು ಕೋಲು, ಮೊಳಕಾಲಿಗೆ ಎತ್ತಿ ಕಟ್ಟಿದ ಸೀರೆ, ಬಾಯಲ್ಲಿ ತೆಲುಗು ಕನ್ನಡ ಕಲಸಿದ ಮಾತು. "ಬಾ ಬಾ ಬಾ" ಎಂದು ಆಕೆ ನಾಲಿಗೆ ಹೊರಳಿಸಿದರೆ ಗದ್ದೆಯ ತುದಿಯಲ್ಲಿದ್ದ ಬಾತುಗಳೂ ಕತ್ತು ನೀಡಿ ಓಡಿಬರುತ್ತಿದ್ದವು. ಬೇರೆ ಯಾರು ಕರೆದರೂ ಬರುತ್ತಿರಲಿಲ್ಲ.

ಆ ವರ್ಷ ಕೊಯ್ಲಿನ ನಂತರ ಒಂದು ಬೆಳಿಗ್ಗೆ ಆಕೆಯ ಹಿಂಡಿನ ಅಂಚಿನಲ್ಲಿ ಒಂದು ವಿಚಿತ್ರ ಬಾತು ಕಂಡಿತು. ಉಳಿದವು ಕಂದು ಬಣ್ಣದ ತೆಳ್ಳನೆಯ ನಾಟಿ ಬಾತುಗಳು. ಇದು ಅವುಗಳ ಎರಡರಷ್ಟು ದಪ್ಪ. ಮೈ ಕಪ್ಪು, ಬಿಸಿಲಿಗೆ ಹಸಿರು ಮಿಂಚು. ರೆಕ್ಕೆಯಲ್ಲಿ ಬಿಳಿ ಮಚ್ಚೆ. ಆದರೆ ಮುಖ... ಕಣ್ಣಿನ ಸುತ್ತ, ಕೊಕ್ಕಿನ ಬುಡದಲ್ಲಿ ಕೆಂಪು ಕೆಂಪು ಗಂಟು ಎದ್ದು, ಹಸಿ ಗಾಯದ ಹಾಗೆ ಕಾಣುತ್ತಿತ್ತು. ಎಲ್ಲ ಬಾತುಗಳೂ ಕಚಪಚ ಅನ್ನುತ್ತಿದ್ದರೆ ಇದರ ಬಾಯಲ್ಲಿ ದನಿಯೇ ಇಲ್ಲ. ಸುಮ್ಮನೆ ನಿಂತು ತಲೆಯನ್ನು ಹಿಂದೆ ಮುಂದೆ ಆಡಿಸುತ್ತಿತ್ತು.

ಸರ್ ಬೈನಾಕ್ಯುಲರ್ ಎತ್ತಿದರು. ನೋಡಿದರು. ಮತ್ತೆ ನೋಡಿದರು. ಏರಿಯ ಮೇಲೆ ಆ ಊರಿನ ಇಬ್ಬರು ಮೂವರು ರೈತರೂ ನಿಂತಿದ್ದರು.

"ಏನ್ರೀ ಸರ್," ಮ್ಯಾನೇಜರು ಕೇಳಿದರು. ದನಿಯಲ್ಲಿ ಹೋಳಿಗೆ ತಿಂದ ಸುಖ. "ನಿಮಗೂ ಗೊತ್ತಿಲ್ಲೇನು?"

ಸರ್ ಬೈನಾಕ್ಯುಲರ್ ಇಳಿಸಿದರು. "ಗೊತ್ತಿಲ್ಲದೇನು? ನಾಟಿ ಬಾತಿಗೆ ರೋಗ ಬಡದದ. ಮಾರಿ ನೋಡ್ರಿ, ಸಿಡುಬು ಎದ್ದದ. ಮೈ ಬಾತದ. ದನಿ ಬಿದ್ದದ. ತಲಿ ನಡಗಲಿಕ್ಕತ್ತದ, ಅಂದ್ರ ರೋಗ ಮಿದುಳಿಗೆ ಏರಿತು."

ಇಷ್ಟು ಹೇಳಿ ಅವರು ಮುಂದೆ ನಡೆದರು. ಮ್ಯಾನೇಜರ ಮುಖ ಸಪ್ಪಗಾಯಿತು. ನಾನೂ ನಂಬಿದೆ. ಅವರ ಮಾತನ್ನು ನಂಬದೆ ಇರುವುದು ನನಗೆ ಗೊತ್ತೇ ಇರಲಿಲ್ಲ.

ಆ ವರ್ಷ ಟಿವಿಯಲ್ಲಿ ಹಕ್ಕಿಜ್ವರದ ಸುದ್ದಿ ಬರುತ್ತಿತ್ತು. ನಾವು ಏರಿಯ ತುದಿ ಮುಟ್ಟಿ ತಿರುಗಿ ಬರುವಷ್ಟರಲ್ಲಿ ಕೆಳಗೆ ಅರ್ಧ ಊರೇ ಸೇರಿತ್ತು. ಊರಿನ ಹಿರಿಯರೊಬ್ಬರು ಟವೆಲ್ಲಿನಿಂದ ಮೂಗು ಬಾಯಿ ಮುಚ್ಚಿಕೊಂಡು ದೂರದಲ್ಲಿ ನಿಂತು ಬಾತಿನಮ್ಮನೊಡನೆ ಮಾತಾಡುತ್ತಿದ್ದರು. ನ್ಯಾಯ ಹೇಳುವ ದನಿ, ಗದರುವ ದನಿಯಲ್ಲ. "ನೋಡವಾ, ನಿನ್ನ ಹೊಟ್ಟಿ ಮ್ಯಾಲೆ ಹೊಡೀಬೇಕಂತ ನಮಗೇನಿಲ್ಲ. ಆ ಒಂದು ಬಾತು ಕೊಂದು ಸುಟ್ಟುಬಿಡು. ಉಳಿದದ್ದು ಮೇಯಿಸ್ಕೋ, ನಾವು ಬ್ಯಾಡ ಅನ್ನಂಗಿಲ್ಲ."

ಸುಲಭದ ಮಾತು. ಯಾರಾದರೂ ಒಪ್ಪುತ್ತಿದ್ದರು. ಆಕೆ ತಲೆಯಾಡಿಸಿದಳು. "ಅದಿ ದಾನಂತಟ ಅದೇ ವಚ್ಚಿಂದಿ ಸಾಮೀ. ತಾನಾಗೇ ಬಂದೈತಿ. ತಾನಾಗೇ ಬಂದದ್ದನ್ನ ನಾವು ಕೊಲ್ಲಾಂಗಿಲ್ಲ, ಮಾರಾಂಗಿಲ್ಲ. ಗಂಗಮ್ಮ ಕಳಿಸ್ಯಾಳ. ಅದಕ್ಕ ಕೈ ಹಚ್ಚಿದ್ರ ಹಿಂಡು ಉಳಿಯಾಂಗಿಲ್ಲ."

ಬಾತಿನವರಲ್ಲಿ ಅದು ಕಟ್ಟುನಿಟ್ಟು. ಎರಡು ಹಿಂಡು ಸೇರಿಕೊಂಡಾಗ ಅತ್ತಿತ್ತ ಹೋದ ಬಾತಿಗೆ ಜಗಳ ಮಾಡುತ್ತಾರೆ, ಹೊಡೆದಾಡುತ್ತಾರೆ. ಆದರೆ ಯಾರದೂ ಅಲ್ಲದ ಒಂಟಿ ಹಕ್ಕಿ ನಡೆದು ಬಂದು ಹಿಂಡು ಸೇರಿತು ಅಂದರೆ ಅದು ಗಂಗಮ್ಮನ ಪಾಲು. ಅದಕ್ಕೆ ಮೊದಲು ಕಾಳು ಹಾಕಿ ಆಮೇಲೆ ಉಳಿದವುಗಳಿಗೆ. ತಾನಾಗೇ ಹೋಗುವವರೆಗೆ ಅದು ಇರಬೇಕು. ಆಕೆ ಇದನ್ನೆಲ್ಲ ಕೈ ಮುಗಿದು ಮುಗಿದು ಹೇಳಿದಳು. ನಗು ಎದ್ದಿತು. ಯಾರೋ, "ಗಂಗಮ್ಮಗ ಕಳಿಸಾಕ ಬ್ಯಾರೆ ಏನೂ ಸಿಗಲಿಲ್ಲೇನಬೇ, ಸಿಡುಬೆದ್ದ ಬಾತು ಕಳಿಸ್ಯಾಳ" ಎಂದ.

ಹಿರಿಯರು ಕೊನೆಗೆ, "ನಾಳೆ ಮುಂಜಾನಿ ಮಟ ಟೈಮ್ ಐತಿ. ಬಾತು ಸುಡತಿಯೋ, ಊರು ಬಿಡತಿಯೋ ನೀನ ನೋಡು" ಎಂದು ಹೊರಟರು. ನಾನು ಏರಿಯಿಂದಲೇ ಆ ಬಾತಿನ ಫೋಟೋ ತೆಗೆದುಕೊಂಡೆ. ಏಕೆ ತೆಗೆದೆನೋ...

ಕೊಳಗಲ್ಲಿನ ಆ ತೋಟದ ಮನೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೇಲ್ವಿಚಾರಣೆಗೆ ಇದ್ದ. ಹೊಂಡದ ಬಾತುಗಳನ್ನು ನೋಡಿಕೊಳ್ಳುವವನು, ರೋಗಕ್ಕೆ ಏನಾದರೂ ಔಷಧ ಗೊತ್ತಿರಬಹುದು ಎಂದು ಮಧ್ಯಾಹ್ನ ಅವನಿಗೆ ಫೋಟೋ ಕಳಿಸಿದೆ. ಅವನು ಫೋನೇ ಮಾಡಿದ. "ಮೇಡಮ್ಮಾರ, ಔಷಧ ಯಾಕ್ರೀ? ಅದು ನಮ್ಮ ತೋಟದ್ದ ಐತಿ. ಹೋದ ತಿಂಗಳು ಗಾಳಿಗೆ ಹೊಂಡದ ಮ್ಯಾಲಿನ ಬಲಿ ಹರಿದಾಗ ಹಾರಿ ಹೋಗಿತ್ತು. ಮಸ್ಕೊವಿ ಅಂತಾರ್ರಿ ಅದಕ್ಕ. ಮಾರಿ ಹಂಗ ಇರ್ತೈತಿ ಅದರದು." ಹೊಂಡದ ದಂಡೆಯಲ್ಲಿ ಅಂಥವೇ ನಾಲ್ಕಾರು ಬಾತು ನಿಂತ ಫೋಟೋ ಕಳಿಸಿದ. ಎಲ್ಲವುಗಳ ಮುಖದಲ್ಲೂ ಅದೇ ಕೆಂಪು ಗಂಟು. ಎಲ್ಲವೂ ಕೊಬ್ಬಿ ಗುಂಡಗಿದ್ದವು.

ಸಂಜೆ ಸರ್ ಮನೆಗೆ ಓಡಿದೆ. ಅವರ ಹೆಂಡತಿ ಬಾಗಿಲಲ್ಲೇ, "ಮಧ್ಯಾಹ್ನ ಊಟಾನೂ ಸರಿಯಾಗಿ ಮಾಡಿಲ್ಲವ್ವ, ಏನಾಗ್ಯದೋ ಏನೋ" ಎಂದರು. ಸರ್ ಕಿಟಕಿಯ ಹತ್ತಿರ ಕುಳಿತಿದ್ದರು. ನಾನು ಫೋನು ಚಾಚಿದೆ. ಅವರು ಅದರ ಕಡೆ ನೋಡಲಿಲ್ಲ.

"ಮಸ್ಕೊವಿ," ಎಂದರು. "ಗಂಡು. ದಕ್ಷಿಣ ಅಮೆರಿಕದ ಮೂಲದ್ದು, ಸಾಕಾಣಿಕಿ ಬಾತು. ಮಾರಿ ಮ್ಯಾಲಿನ ಗಂಟು ಹುಟ್ಟುಗುಣ. ಕೂಗಂಗಿಲ್ಲ, ಬುಸ್ ಅಂತದ ಅಷ್ಟ. ತಲಿ ಆಡಸೋದು ಅದರ ಮಾತು. ಮನಿಗೆ ಬಂದು ಚಪ್ಪಲ್ ಬಿಡೋದರಾಗ ನೆನಪಾತು."

ಚಪ್ಪಲಿ ಬಿಡುವಾಗ! ಅಂದರೆ ಬೆಳಿಗ್ಗೆಯೇ. ನಾನು ಮಧ್ಯಾಹ್ನವೆಲ್ಲ ಬಾತಿನಮ್ಮನ ಬಗ್ಗೆ ಸಂಕಟಪಡುತ್ತಿದ್ದಾಗ ಅವರು ಗೊತ್ತಿದ್ದೂ ಇಲ್ಲಿ ಕುಳಿತಿದ್ದರು.

"ಹಂಗಾರ ಈಗ ಹೋಗೂಣ್ರಿ ಸರ್. ಹೇಳಿಬಿಡೂಣು."

"ನಾಳೆ ಮುಂಜಾನೆ ಹೆಂಗೂ ಹೋಗತೀವಲ್ಲ," ಎಂದರು. ಆಮೇಲೆ, "ಚಹಾ ಕುಡದು ಹೋಗು" ಎಂದರು. ಅಷ್ಟು ಮೆತ್ತಗೆ ಅವರು ನನ್ನೊಡನೆ ಮಾತಾಡಿದ್ದು ಅದೇ ಮೊದಲು. ನಾಳೆ ಸರಿಹೋಗುತ್ತದೆ ಎಂದುಕೊಂಡು ಚಹಾ ಕುಡಿದೆ.

ಮಾರನೆಯ ಬೆಳಿಗ್ಗೆ ಊರ ಮುಂದೆ ನಮಗಾಗಿ ಕುರ್ಚಿ ಹಾಕಿದ್ದರು. ಸರ್ ಅವರನ್ನು ಕಂಡ ಕೂಡಲೇ ಹಿರಿಯರು ಎದ್ದು ನಿಂತು ಕೈ ಮುಗಿದರು. "ನಿಮ್ಮ ಕಣ್ಣಿಗೆ ಬೀಳಲಿಲ್ಲಂದ್ರ ಊರಿಗೂರ ಸಾಯ್ತಿತ್ತರಿ ಸರ್." ಯಾರೋ ಬಿಸಿ ಹಾಲು ತಂದುಕೊಟ್ಟರು. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬಂದು ಅವರನ್ನು ನೋಡಿದರು. ಮ್ಯಾನೇಜರು ಪಕ್ಕದ ಕುರ್ಚಿಯಲ್ಲಿ, ಸರ್ ಮುಖವನ್ನೇ ನೋಡುತ್ತ ಕುಳಿತಿದ್ದರು. ಎದುರಿಗೆ ಬಾತಿನಮ್ಮ, ತೋಳಿನ ಸಂದಿಯಲ್ಲಿ ಆ ಬಾತು. ಅದು ತಲೆ ಆಡಿಸುತ್ತಲೇ ಇತ್ತು.

"ಇನ್ನೊಮ್ಮೆ ಎಲ್ಲಾರ ಮುಂದ ಹೇಳಿಬಿಡ್ರಿ ಸರ್," ಹಿರಿಯರು ಕೇಳಿದರು. "ರೋಗ ಹೌದಲ್ಲ?"

ಸರ್ ಬೈನಾಕ್ಯುಲರಿನ ಗಾಜು ಒರೆಸಿದರು. ಒಮ್ಮೆ ಮ್ಯಾನೇಜರ ಕಡೆ ಕಣ್ಣು ಹೋಯಿತು. "ನಾ ಒಂದು ಸಲ ಹೇಳಿದ್ದನ್ನ ಎರಡನೇ ಸಲ ಹೇಳಂಗಿಲ್ಲ," ಎಂದರು.

ಗಮನಿಸಿ, ಸುಳ್ಳು ಹೇಳಲಿಲ್ಲ. ಅಂಥ ಜಾಣತನ ಅವರಿಗಿತ್ತು.

ನಾನು ಎದ್ದು ನಿಂತೆ. ಫೋನು ತೋರಿಸಿದೆ, ಕೊಳಗಲ್ಲಿನ ತೋಟದ ಹೊಂಡ ತೋರಿಸಿದೆ, ಇದು ರೋಗವಲ್ಲ, ಅಂದಕ್ಕೆ ಸಾಕುವ ಬಾತು, ಇದರ ಮುಖವೇ ಹೀಗೆ ಎಂದು ಜೋರಾಗಿ ಹೇಳಿದೆ. ಹಿರಿಯರು ನಕ್ಕರು. "ಮೇಡಮ್ಮಾರ, ನೀವು ಪದ್ಯ ಹೇಳಿಕೊಡೋರು. ಇದು ಸೈನ್ಸ್ ಐತ್ರಿ." ಎಲ್ಲರೂ ಸರ್ ಕಡೆ ತಿರುಗಿದರು. ನಾನೂ ತಿರುಗಿದೆ. ಈಗಲಾದರೂ ಹೇಳುತ್ತಾರೆ ಎಂದು ನಿಜವಾಗಿಯೂ ಅಂದುಕೊಂಡಿದ್ದೆ.

"ಮೊಬೈಲ್‌ನಾಗಿನ ಚಿತ್ರಕ್ಕ ರೋಗ ಬರಂಗಿಲ್ಲವ್ವ," ಎಂದರು ಸರ್.

ಘೊಳ್ಳೆಂದು ನಗು. ಮ್ಯಾನೇಜರು ಕೂಡ ನಕ್ಕರು. ನಗದೆ ಇದ್ದವಳು ಬಾತಿನಮ್ಮ ಒಬ್ಬಳೇ. ಆಕೆ ನನ್ನನ್ನು ನೋಡಿ, "ನಾಕು ತೆಲುಸು ತಲ್ಲೀ" ಎಂದಳು, ನನಗೆ ಗೊತ್ತು ತಾಯೀ ಎಂದು. ಹಕ್ಕಿಯ ಹೆಸರು ಆಕೆಗೂ ಗೊತ್ತಿರಲಿಲ್ಲ. ಅದು ಚೆನ್ನಾಗಿ ತಿನ್ನುತ್ತಿದೆ, ಚೆನ್ನಾಗಿ ನಡೆಯುತ್ತಿದೆ ಎಂಬುದಷ್ಟೇ ಗೊತ್ತಿತ್ತು. ಆಕೆಯ ಮಾತು ಯಾರಿಗೆ ಬೇಕಿತ್ತು?

ಮುಂದಿನದನ್ನು ಬರೆಯಲು ಮನಸ್ಸಿಲ್ಲ, ಬರೆಯದೆ ಬಿಡಲೂ ಮನಸ್ಸಿಲ್ಲ. ಹಿಂದಿನ ದಿನದವರೆಗೆ ಆಕೆಯ ಹತ್ತಿರ ಚೌಕಾಸಿ ಮಾಡಿ ಮೊಟ್ಟೆ ಕೊಂಡು ತಿಂದವರೇ ಆ ಮೊಟ್ಟೆಗಳನ್ನು ತಂದು ಆಕೆಯ ಗುಡಾರಕ್ಕೆ ಎಸೆದರು. ಒಬ್ಬ ಹೆಂಗಸು ಬೇಯಿಸಿದ ಮೊಟ್ಟೆಯನ್ನೂ ಎಸೆದಳು. ಹುಡುಗರು ಕಲ್ಲು ಹಿಡಿದರು. ಗುರಿ ಇದ್ದದ್ದು ಆ ಬಾತಿಗೆ, ಬಿದ್ದದ್ದು ಆಕೆಯ ಮೈಮೇಲೆ. ಬಲೆಯ ಬೇಲಿ ಕಿತ್ತರು. ಆಕೆ ಹಿಂಡು ಎಬ್ಬಿಸಿಕೊಂಡು ಏರಿ ಹಿಡಿದು ಸಿರಿಗೇರಿಯ ಕಡೆ ಹೊರಟಳು. ಆದರೆ ಬಾತು ನಡೆಯುವುದಕ್ಕಿಂತ ವಾಟ್ಸಾಪ್ ಬೇಗ ಹೋಗುತ್ತದೆ. ಊರಿನವರು ಯಾರೋ ತೆಗೆದ ಕೆಂಪು ಮುಖದ ಬಾತಿನ ಚಿತ್ರ, "ರೋಗದ ಹಿಂಡು ಬರ್ತೈತಿ, ಹುಷಾರ್" ಎಂಬ ಸಾಲು ಆಗಲೇ ಎಲ್ಲ ಊರು ಮುಟ್ಟಿತ್ತು. ಯಾವ ಊರಿನವರೂ ಗದ್ದೆಗೆ ಇಳಿಸಗೊಡಲಿಲ್ಲ. ಅಷ್ಟು ಹೊಟ್ಟೆಗಳಿಗೆ ಕೊಂಡು ಕಾಳು ಹಾಕುವ ಶಕ್ತಿ ಯಾವ ಬಾತಿನವರಿಗೂ ಇರುವುದಿಲ್ಲ. ಎರಡು ದಿನದಲ್ಲಿ ಹಿಂಡು ಸೋತು ಕುಳಿತಿತು. ಮಾಂಸದ ವ್ಯಾಪಾರಿಯ ಲಾರಿ ಬಂತು. ರೋಗವೆಂದು ಊರು ಹೇಳಿದರೂ ಅಂಥವರಿಗೆ ಭಯವಿಲ್ಲ. ಕೇಳಿದ ಬೆಲೆಗೆ ಕೊಟ್ಟುಬಿಡುತ್ತಾಳೆ ಎಂಬುದಷ್ಟೇ ಅವರಿಗೆ ಬೇಕು.

ನಾನು ಕಾಲೇಜಿಗೆ ರಜೆ ಹಾಕಿ, ಅಕ್ಕಿಯ ಚೀಲ ಕಟ್ಟಿಕೊಂಡು, ಹಿಂಡು ಕುಳಿತ ಕಡೆಗೆ ಹೋಗುವ ಕರೂರಿನ ಬಸ್ಸು ಹತ್ತಿ, ಏರಿಯ ಹತ್ತಿರ ಇಳಿದು ಹೋದಾಗ ಲಾರಿ ನಿಂತಿತ್ತು. ಲಾರಿಯವರಿಗೆ ಬಾತು ಹಿಡಿಯಲು ಆಗುತ್ತಿರಲಿಲ್ಲ, ಚೆದುರಿ ನೀರಿಗೆ ಇಳಿಯುತ್ತಿದ್ದವು. "ನೀನ ಕರಿ" ಎಂದು ವ್ಯಾಪಾರಿ ಆಕೆಗೆ ಗದರಿದ. ಆಕೆ ಲಾರಿಯ ಹಲಗೆಯ ಪಕ್ಕ ನಿಂತು, "ಬಾ ಬಾ ಬಾ" ಎಂದು ನಾಲಿಗೆ ಹೊರಳಿಸಿದಳು. ಎಲ್ಲವೂ ಕತ್ತು ನೀಡಿ ಓಡಿಬಂದವು. ಒಂದೊಂದು ಕೈಯಲ್ಲಿ ನಾಲ್ಕಾರು ಕತ್ತು ಹಿಡಿದು ಲಾರಿಯವರು ಒಳಗೆ ಒಗೆಯುತ್ತಿದ್ದರು. ಒಳಗೆ ಬಿದ್ದವುಗಳ ಚೀರಾಟ ಕೇಳಿದರೂ ಹೊರಗಿನವು ನಿಲ್ಲಲಿಲ್ಲ, ಆಕೆ ಕರೆಯುತ್ತಿದ್ದಳಲ್ಲ. ಆಕೆ ಕರೆಯುವುದನ್ನು ಕೊನೆಯ ಬಾತಿನವರೆಗೂ ನಿಲ್ಲಿಸಲಿಲ್ಲ.

ಆ ಕೆಂಪು ಮುಖದ್ದೂ ಹಿಂಡಿನ ಜೊತೆ ಹಲಗೆ ಹತ್ತಿತ್ತು. ಲಾರಿಯವನು ಅದರ ರೆಕ್ಕೆ ಹಿಡಿದು ಹೊರಗೆ ಎಸೆದ. "ಈ ದರಿದ್ರ ಬ್ಯಾಡ" ಎಂದ. ಅದು ಏರಿಯ ಮೇಲೆ ಬಿದ್ದು, ಎದ್ದು, ಮೈ ಕೊಡವಿಕೊಂಡು, ಬುಸ್ ಎಂದಿತು. ಲಾರಿ ಹೋಯಿತು. ಆಕೆ ಅದನ್ನು ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡಳು. ಎಲ್ಲಿಗೆ ಹೋಗುತ್ತೀ, ಯಾರಿದ್ದಾರೆ ಎಂದು ಕೇಳಿದೆ. ಆಕೆ ಅಕ್ಕಿಯ ಚೀಲ ಮುಟ್ಟಲಿಲ್ಲ. ಏರಿಯ ಮೇಲೆ ನಡೆದು ಹೋದಳು...

ಒಂದೆರಡು ತಿಂಗಳಲ್ಲಿ ಆ ಊರಿನವರು ಸರ್ ಅವರಿಗೆ ಸನ್ಮಾನ ಇಟ್ಟುಕೊಂಡರು, ರೋಗದಿಂದ ಊರು ಕಾಪಾಡಿದ್ದಕ್ಕೆ. ಶಾಮಿಯಾನ, ಮೈಕು, ಹಣ್ಣಿನ ತಟ್ಟೆ. ನಮ್ಮ ಕಡೆ ಕನ್ನಡ ಮೇಡಂ ಎಂದರೆ ಮೈಕಿಗಾಗಿಯೇ ಹುಟ್ಟಿದವಳು ಎಂದೇ ಲೆಕ್ಕ, ನಿರೂಪಣೆ ನನಗೇ ಬಂತು. ಬರುವುದಿಲ್ಲ ಎನ್ನಬಹುದಿತ್ತು. ಬರುತ್ತೇನೆ ಎಂದೆ. ಆವತ್ತು ನನ್ನ ಹೊಟ್ಟೆಯಲ್ಲಿದ್ದದ್ದು ವಿಷವೇ.

ಸರ್ ಪರಿಚಯ ಚೆನ್ನಾಗಿಯೇ ಮಾಡಿದೆ. ಕೊನೆಯಲ್ಲಿ ಹೇಳಿದೆ: "ಸರ್ ಅವರಿಗೆ ಗೊತ್ತಿಲ್ಲದ ಹಕ್ಕಿ ಇಲ್ಲ. ಆ ದಿನ ನಾವೆಲ್ಲ ಕಂಡ ಬಾತಿನ ನಿಜವಾದ ಹೆಸರೂ ಅವರಿಗೆ ಗೊತ್ತು. ಅದು ಯಾವುದು, ಅದರ ಮುಖ ಏಕೆ ಹಾಗಿತ್ತು ಎಂಬುದನ್ನು ಅವರ ಬಾಯಿಂದಲೇ ಕೇಳೋಣ." ಮೈಕನ್ನು ಅವರ ಮುಂದೆ ಹಿಡಿದೆ. ಜನ ಚಪ್ಪಾಳೆ ತಟ್ಟಿ ಸುಮ್ಮನಾದರು.

ಸರ್ ನನ್ನನ್ನು ನೋಡಿದರು. ಅವರ ಕಣ್ಣಲ್ಲಿ ಕೋಪವಿರಲಿಲ್ಲ. ಮೈಕು ತೆಗೆದುಕೊಂಡು ಎದ್ದು ನಿಂತರು. "ಅದು ಮಸ್ಕೊವಿ ಬಾತು," ಎಂದರು. "ಅದಕ್ಕ ರೋಗ ಇರಲಿಲ್ಲ. ಅದರ ಮಾರಿ ಹುಟ್ಟಿನಿಂದನ ಹಂಗ. ನಾ ತಪ್ಪು ಹೇಳಿದೆ. ಅವತ್ತ ಮಧ್ಯಾಹ್ನದ ಒಳಗ ನನಗ ಗೊತ್ತಾಗಿತ್ತು. ಗೊತ್ತಾಗಿಯೂ ಸುಮ್ಮನಿದ್ದೆ. ಆ ಹೆಣ್ಣುಮಗಳ ಹಿಂಡು ಹೋಗಿದ್ದು ನನ್ನಿಂದ."

ಈಗ ಏನಾದರೂ ಆಗುತ್ತದೆ, ಯಾರಾದರೂ ತಲೆ ತಗ್ಗಿಸುತ್ತಾರೆ, ಯಾರಾದರೂ ಬೈಯುತ್ತಾರೆ ಎಂದುಕೊಂಡೆ. ಆಗ ಹಿರಿಯರು ಎದ್ದು ಜೋರಾಗಿ ಚಪ್ಪಾಳೆ ತಟ್ಟಿದರು. "ನೋಡ್ರಪಾ, ಎಂಥಾ ದೊಡ್ಡ ಮನಸ್ಸು! ಇಷ್ಟು ಓದಿದೋರು ನಂದು ತಪ್ಪಾತು ಅಂತಾರಂದ್ರ..." ಇಡೀ ಶಾಮಿಯಾನ ಚಪ್ಪಾಳೆ ತಟ್ಟಿತು. ಕಲ್ಲು ಹೊಡೆದ ಹುಡುಗರು ಸಿಳ್ಳೆ ಹಾಕಿದರು. ಮ್ಯಾನೇಜರ ಕಣ್ಣಲ್ಲಿ ನೀರು. ಸರ್ ಬೇಡ ಬೇಡ ಎಂದು ಕೈ ಅಡ್ಡ ಹಿಡಿದರೂ ಬಿಡದೆ ಶಾಲು ಹೊದಿಸಿದರು, ಪೇಟ ಇಟ್ಟರು, ಫೋಟೋಕ್ಕೆ ನಿಲ್ಲಿಸಿದರು. ಬಾತಿನಮ್ಮನ ವಿಷಯವನ್ನು ಒಬ್ಬರೂ ಎತ್ತಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅಲ್ಲಿ ಒಡೆದದ್ದು ಬೇರೆ ಯಾರದೋ ಮುತ್ತು, ಹೀಗಾಗಿ ಯಾರಿಗೂ ನೋವಾಗಲಿಲ್ಲ.

ಮುಂದಿನ ಕೊಯ್ಲಿಗೆ ಆ ಊರಿಗೆ ಬಾತಿನವರು ಯಾರೂ ಬರಲಿಲ್ಲ. ಅವರವರಲ್ಲಿ ಸುದ್ದಿ ಹೋಗಿತ್ತು. ಬಸವನ ಹುಳು ಸಸಿ ತಿಂದವು. "ಆಕಿ ಏನೋ ಮಾಟ ಮಾಡಿಸ್ಯಾಳ" ಎಂದು ಊರಿನವರು ಮತ್ತೆ ಆಕೆಯನ್ನೇ ಬೈದರು. ಸರ್ ನಿವೃತ್ತರಾಗಿ ತಮ್ಮ ಊರು ಕುರುಗೋಡಿಗೆ ಹೋದರು. ನಾನು ಬಳ್ಳಾರಿಗೆ ವರ್ಗವಾದೆ. ಕೊಯ್ಲಿನ ದಿನಗಳಲ್ಲಿ ಸರ್ ಕುರುಗೋಡಿನಿಂದ ಬಸ್ಸಿನಲ್ಲಿ ಬಂದು ಕಾಲುವೆಯ ಏರಿಯ ಮೇಲೆ ಸುಮ್ಮನೆ ನಿಂತಿರುತ್ತಾರೆ ಎಂದು ಯಾರೋ ಹೇಳಿದರು. ಬೈನಾಕ್ಯುಲರ್ ತರುತ್ತಿರಲಿಲ್ಲವಂತೆ. ನಾನು ನೋಡಲು ಹೋಗಲಿಲ್ಲ. ಕರುಣೆ ಬರಲಿಲ್ಲ ನನಗೆ.

ಕೊನೆಗೆ ಹೋದದ್ದು ಅವರ ಹೆಂಡತಿ ಫೋನು ಮಾಡಿ, "ಒಮ್ಮೆ ಬಂದು ಹೋಗವ್ವ, ನಿನ್ನ ಕೇಳತಾರ" ಎಂದಾಗ. ಕುರುಗೋಡಿನ ಅವರ ಮನೆಯ ಪಡಸಾಲೆಯಲ್ಲಿ ಮಂಚ. ಎಲುಬು ಕಾಣುವಷ್ಟು ಸೊರಗಿದ್ದರು. ನನ್ನ ಗುರುತು ಹತ್ತಿತು. ಬಹಳ ಹೊತ್ತು ಉಸಿರು ಕೂಡಿಸಿಕೊಂಡು, "ಈ ಸಲ ಕೊಯ್ಲಿಗೆ... ಆಕಿ ಬಂದಿದ್ದಳಾ?" ಎಂದರು.

ಅವರ ಹೆಂಡತಿ ಅವರ ತಲೆಯ ಹಿಂದೆ ನಿಂತು ನನಗೆ ಕಣ್ಣಲ್ಲೇ ಕೈ ಮುಗಿದರು, ಹೌದು ಅನ್ನು ಎಂದು. ಹೌದು ಅನ್ನುವುದಕ್ಕೆ ಏನು ಕಷ್ಟವಿತ್ತು? ಬಂದಿದ್ದಳು ಸರ್, ಮೊದಲಿಗಿಂತ ದೊಡ್ಡ ಹಿಂಡು, ಆ ಬಾತೂ ಇತ್ತು ಎಂದಿದ್ದರೆ ಮನುಷ್ಯ ಸುಖವಾಗಿ ಕಣ್ಣು ಮುಚ್ಚುತ್ತಿದ್ದ. ನನ್ನ ಕಣ್ಣ ಮುಂದೆ ಆಕೆ ಹಲಗೆಯ ಪಕ್ಕ ನಿಂತು ಕರೆಯುತ್ತಿದ್ದಳು.

"ಇಲ್ಲರೀ ಸರ್," ಎಂದೆ. "ಬಂದಿಲ್ಲ."

ಸರ್ ಗೋಡೆಯ ಕಡೆ ತಿರುಗಿದರು. ಮತ್ತೆ ಈ ಕಡೆ ತಿರುಗಲಿಲ್ಲ. ಆ ವಾರವೇ ತೀರಿಕೊಂಡರು. ಅವರ ಹೆಂಡತಿ ಇವತ್ತಿಗೂ ನನ್ನೊಡನೆ ಮಾತಾಡುವುದಿಲ್ಲ. ಆಡದಿದ್ದರೆ ಬೇಡ. ಇವತ್ತು ಕೇಳಿದರೂ ನಾನು ಅದನ್ನೇ ಹೇಳುತ್ತೇನೆ.

ಇಂದು ಬೆಳಿಗ್ಗೆ ಬಳ್ಳಾರಿಯ ನಮ್ಮ ಬಡಾವಣೆಯಾಚೆ ನಡೆಯುತ್ತಿದ್ದೆ. ಬೇಲಿಯ ಮೇಲೆ ಸಣ್ಣದೊಂದು ಹಕ್ಕಿ ಕುಳಿತಿತ್ತು. ಎದೆ ತುಸು ಕೇಸರಿ, ಬಾಲ ಅಲುಗುತ್ತಿತ್ತು. ಎಷ್ಟು ನೋಡಿದರೂ ಯಾವುದೆಂದು ತಿಳಿಯಲಿಲ್ಲ. ಸರ್‌ನ ಕೇಳಬೇಕು ಎಂದು ಮನಸ್ಸು ಅಂದೇ ಬಿಟ್ಟಿತು. ಅವರಿಲ್ಲ ಎಂಬುದು ಆಮೇಲೆ ನೆನಪಾಗಿ ದುಃಖ ಒತ್ತಿ ಬಂತು, ರಸ್ತೆಯಲ್ಲೇ ಅತ್ತೆ. ಅಳುತ್ತಿರುವಾಗಲೇ ಇನ್ನೊಂದು ಹೊಳೆಯಿತು. ಅವರು ಬದುಕಿದ್ದು, ಈ ಹಕ್ಕಿಯ ಹೆಸರು ಹೇಳಿದ್ದರೂ, ನಾನು ಇನ್ನೊಬ್ಬರನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದೆ. ಅವರು ಸತ್ತದ್ದು ಕುರುಗೋಡಿನಲ್ಲಿ. ನಾನು ಅವರನ್ನು ಕಳೆದುಕೊಂಡದ್ದು ಬಹಳ ಮೊದಲು, ಆ ಊರ ಮುಂದೆ, ಅವರು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು ಬಿಸಿ ಹಾಲು ಕುಡಿಯುತ್ತಿದ್ದಾಗ.